ಮರಳಿ ಮೊದಲಾದ ಆಟ

ನಮ್ಮ ಕುಂದಾಪುರದ ಕಡೆಯಲ್ಲಿ 'ಆಟ' ಎಂದರೆ ಯಕ್ಷಗಾನವೆಂದೇ ಅರ್ಥ. ಆಟಕ್ಕೆ ಹೋದನು, ಆಟ ನೋಡಿ ಬೆಳಗಾಯಿತು, ಈ ವರ್ಷ ನಮ್ಮ ಮನೆಯ ಹರಕೆಯ ಆಟ ಎಂದು ಹೇಳುವಾಗ ಹಿಂದಿನವರಿಗೆ ಬೇರೊಂದು ಆಟದ ನೆನಪು ಆಗುತ್ತಿರಲಿಲ್ಲ. ಆದುದರಿಂದ ೨೦೨೧ನೆಯ ಇಸವಿಯ ಮಳೆಗಾಲದ ಮೊದಲಲ್ಲಿ, ಕೋಟೇಶ್ವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದ ನನ್ನ ಸೋದರಳಿಯನು, "ಆಟ ವಾಪಾಸ್ ಬಪ್ಪುದ್ ಹೌದಂಬ್ರ್ ಮಾವ, ಆರೆ ಅದೇ ಆಟ ಆತ್ತಾ?" ಎಂದು ಕೇಳಿದಾಗ, ಅವನು ಮೇಳದ ಸುದ್ದಿಯನ್ನೇ ಎತ್ತಿದನೆಂದು ನಾನು ಭಾವಿಸಿದೆನು. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಮೇಳವು ಹೊರಡದೆ ಇರಲಾರದೆಂದು ಸಮಾಧಾನವನ್ನೂ ಹೇಳಿದೆನು. ಹುಡುಗನು ನಕ್ಕನು. ಅವನು ಕೇಳಿದ್ದು ಮೊಬೈಲಿನ ಆಟವನ್ನು ಕುರಿತು.

ಆ ಆಟದ ವೃತ್ತಾಂತವನ್ನು ಅರಿಯದವರಿಗೋಸ್ಕರ ಎರಡು ಮಾತು ಹೇಳುವುದು ಅವಶ್ಯ. ಜನರು ಪಬ್ಜಿ ಎಂದು ಕರೆಯುತ್ತಿದ್ದ ಈ ಆಟದಲ್ಲಿ ನೂರು ಮಂದಿಯಷ್ಟು ಆಟಗಾರರು, ತಮ್ಮ ತಮ್ಮ ಊರಿನಲ್ಲಿ ಕುಳಿತೇ, ಒಂದು ಕಲ್ಪಿತ ದ್ವೀಪಕ್ಕೆ ಇಳಿಯುತ್ತಾರೆ; ನಾಲ್ಕು ನಾಲ್ಕು ಮಂದಿ ತಂಡ ಕಟ್ಟಿಕೊಂಡು ಕಾದಾಡುತ್ತಾರೆ; ಕಟ್ಟಕಡೆಗೆ ಉಳಿದ ತಂಡವು ಗೆದ್ದಂತೆ. ೨೦೨೦ನೆಯ ಸಪ್ಟಂಬರ ೨ರಂದು ಭಾರತ ಸರಕಾರವು ದೇಶದ ಭದ್ರತೆಯ ಕಾರಣದಿಂದ ನಿಷೇಧಿಸಿದ ೧೧೮ ಆ್ಯಪ್‌ಗಳಲ್ಲಿ ಇದೂ ಒಂದಾಗಿತ್ತು. ಅಕ್ಟೋಬರ ೩೦ರಂದು ಅದರ ಸರ್ವರುಗಳು ನಮ್ಮ ದೇಶದವರ ಪಾಲಿಗೆ ನಿಂತುಹೋದವು. ಮರುವರ್ಷದ ಮೇ ತಿಂಗಳಲ್ಲಿ ಅದರ ಒಡೆಯರಾದ ದಕ್ಷಿಣ ಕೊರಿಯದ ಕ್ರಾಫ್ಟನ್ ಕಂಪೆನಿಯವರು, 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೊಸ ಹೆಸರಿನಿಂದ ಅದನ್ನು ಮರಳಿ ತರುವೆವೆಂದು ಸಾರಿದರು. ಜುಲೈ ೨ರಂದು ಅದು ಬಂದೂ ಬಂತು.

ನಡುವಣ ಆ ವಾರಗಳಲ್ಲಿ ಹುಡುಗರ ಮಾತನ್ನು ನಾನು ಕಿವಿಗೊಟ್ಟು ಕೇಳುತ್ತಿದ್ದೆನು. ತಾವು ಕಷ್ಟಪಟ್ಟು ಸಂಪಾದಿಸಿದ ಪದವಿ, ಉಡುಪು, ಆಯುಧಗಳು ಹಳೆಯ ಖಾತೆಯಿಂದ ಹೊಸದಕ್ಕೆ ಬರುವುವೆ? ರಕ್ತದ ಬಣ್ಣವನ್ನು ಹಸಿರು ಮಾಡಿದ್ದಾರಂತೆ. ಹದಿನೆಂಟು ತುಂಬದವರಿಗೆ ತಂದೆತಾಯಿಗಳ ಒಪ್ಪಿಗೆ ಬೇಕಂತೆ, ದಿನಕ್ಕೆ ಮೂರೇ ಗಂಟೆಯಂತೆ. ಹೀಗೆಲ್ಲ ತಿದ್ದಿದ ಮೇಲೆ ಅದರಲ್ಲಿ ಹಿಂದಿನ ರುಚಿ ಉಳಿಯುವುದೆ? ಒಮ್ಮೆ ಮುಚ್ಚಿದ ಬಾಗಿಲು ಇನ್ನೊಮ್ಮೆ ಮುಚ್ಚಲಾರದೆಂಬ ಭರವಸೆ ಏನು? ಆಶೆಯೊಂದನ್ನು ಹೇಳಿದ ಬಾಯೇ ಮರುಕ್ಷಣ ಸಂದೇಹವೊಂದನ್ನು ಹೇಳುತ್ತಿತ್ತು. ಮನೆಯ ಹಿರಿಯರಿಗೆ ಇದೆಲ್ಲವೂ ನಗೆಪಾಟಲಾಗಿ ಕಂಡಿತು. ಕೆಲವರಿಗೆ ಸಿಟ್ಟೂ ಬಂತು. ಪಾಠ ಬಿಟ್ಟು, ನಿದ್ದೆ ಬಿಟ್ಟು, ಊಟದ ಕರೆಗೆ ಓಗೊಡದೆ ಕುಳಿತವರನ್ನು ಕಂಡವರ ಸಿಟ್ಟು ಅದು; ಅದನ್ನು ತಪ್ಪೆನ್ನಲಾಗದು. ಆದರೆ ನಗುವುದರಿಂದಾಗಲಿ ಸಿಟ್ಟಾಗುವುದರಿಂದಾಗಲಿ ಹುಡುಗನ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ನಿಂತುಹೋದ ಆಟವು ಮತ್ತೆ ಮೊದಲಾದರೆ ಅದು ಅದೇ ಆಟವೆ? ಅದು ಬರಲಿ ಎಂದು ಹಾರೈಸುವವನು ನಿಜವಾಗಿ ಯಾವುದು ಮರಳಬೇಕೆಂದು ಬೇಡುತ್ತಾನೆ? ಪ್ರಶ್ನೆಯು ಮೊಬೈಲಿನದಾದರೂ ವಿಚಾರವು ಹಳೆಯದು. ಆದಕಾರಣ ಅದನ್ನು ವಾಚಕರ ಮುಂದೆ ಇಡಲು ನಾನು ಸಂಕೋಚಪಡುವುದಿಲ್ಲ.

ಮೊದಲು ಈ ಬಗೆಯ ಆಟಗಳ ಸ್ವಭಾವವನ್ನು ತಿಳಿಯಬೇಕು. ಚದುರಂಗದ ಹಾಸು ನಮ್ಮ ಮನೆಯದು. ಅದನ್ನು ಮಾಡಿದ ಬಡಗಿ ತೀರಿಕೊಂಡರೂ ನಾವು ಆಡಬಹುದು. ಪುಸ್ತಕವನ್ನು ಅಚ್ಚು ಹಾಕಿಸಿದವರು ಅಂಗಡಿ ಮುಚ್ಚಿದರೂ ನಮ್ಮ ಕಪಾಟಿನ ಪ್ರತಿಯು ನಮಗೆ ಇದ್ದೇ ಇದೆ. ಆನ್‌ಲೈನ್ ಆಟವು ಹಾಗಲ್ಲ. ಅದರ ಲೋಕವು ಇರುವುದು ಕಂಪೆನಿಯವರ ಯಂತ್ರದಲ್ಲಿ. ನಮ್ಮ ಕೈಯಲ್ಲಿರುವುದು ಅದರ ಕಿಟಕಿ ಮಾತ್ರ. ಅದರಲ್ಲಿಯೂ ಪಾತ್ರಧಾರಣೆಯ ಆಟಗಳೆಂದು ಒಂದು ಜಾತಿಯಿದೆ. ಅಲ್ಲಿ ಆಟಗಾರನು ಒಂದು ವೇಷವನ್ನು ತಾಳಿ, ಅದಕ್ಕೊಂದು ಹೆಸರಿಟ್ಟು, ವರ್ಷಗಟ್ಟಲೆ ಅದೇ ವೇಷದಲ್ಲಿ ವಿದ್ಯೆ ಕಲಿಯುತ್ತಾನೆ, ಸಂಪತ್ತು ಕೂಡಿಡುತ್ತಾನೆ, ಸಂಘ ಕಟ್ಟುತ್ತಾನೆ, ಸ್ನೇಹ ಬೆಳೆಸುತ್ತಾನೆ. ಒಂದು ದಿನ ಒಡೆಯರು ಯಂತ್ರವನ್ನು ನಿಲ್ಲಿಸಿದರೆ ಆ ವೇಷವೂ, ಊರೂ, ಊರಿನ ದಾರಿಗಳೂ ಒಟ್ಟಿಗೆ ಇಲ್ಲವಾಗುತ್ತವೆ. ಆಡಿದವನ ಐದಾರು ವರ್ಷಗಳು ಎಲ್ಲಿ ಹೋದವೆಂದು ತೋರಿಸಲು ಒಂದು ಮುರುಕು ಗೋಡೆಯೂ ಉಳಿಯುವುದಿಲ್ಲ. ಇದನ್ನು ಬಲ್ಲವನು ಆ ದುಃಖವನ್ನು ಹಾಸ್ಯಮಾಡಲಾರನು.

ಇಂತಹ ಆಟಗಳನ್ನು ಮುಚ್ಚಿ ಮತ್ತೆ ತೆರೆದ ಮೂರು ಪ್ರಸಂಗಗಳು ಲೋಕದ ಆಟಗಾರರಲ್ಲಿ ಪ್ರಸಿದ್ಧವಾಗಿವೆ. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿಯವರು ೨೦೧೦ನೆಯ ಸಪ್ಟಂಬರದಲ್ಲಿ 'ಫೈನಲ್ ಫ್ಯಾಂಟಸಿ ಹದಿನಾಲ್ಕು' ಎಂಬ ಆಟವನ್ನು ಬಿಡುಗಡೆಮಾಡಿದರು. ಅದು ದೋಷಮಯವಾಗಿತ್ತು. ಕಂಪೆನಿಯವರು ಬಹಿರಂಗವಾಗಿ ಕ್ಷಮೆ ಬೇಡಿ, ಹೊಸ ಮುಖ್ಯಸ್ಥನನ್ನು ನೇಮಿಸಿ, ಹಳೆಯದನ್ನು ನಡೆಸುತ್ತಲೇ ಹೊಸದನ್ನು ಕಟ್ಟಲಾರಂಭಿಸಿದರು. ೨೦೧೨ನೆಯ ನವಂಬರ ೧೧ರಂದು ಹಳೆಯ ಲೋಕವನ್ನು ಅವರು ಸದ್ದಿಲ್ಲದೆ ಆರಿಸಿಬಿಡಲಿಲ್ಲ. ಕಥೆಯೊಳಗೇ ಒಂದು ಚಂದ್ರನನ್ನು ಭೂಮಿಗೆ ಇಳಿಸಿ, ಅದರೊಳಗಿಂದ ಮಹಾಸರ್ಪವನ್ನು ಹೊರಡಿಸಿ, ಪ್ರಳಯವನ್ನೇ ತೋರಿಸಿ ಮುಗಿಸಿದರು. ೨೦೧೩ನೆಯ ಆಗಸ್ಟ ೨೭ರಂದು ಆಟವು ಪುನರ್ಜನ್ಮವೆಂಬ ಅರ್ಥದ ಹೆಸರಿನಿಂದ ಮತ್ತೆ ಮೊದಲಾಯಿತು. ಹಳೆಯ ಆಟಗಾರರು ತಮ್ಮ ಹಿಂದಿನ ವೇಷದಲ್ಲಿಯೇ ಹೊಸ ಲೋಕವನ್ನು ಹೊಕ್ಕರು; ಕಷ್ಟಕಾಲದಲ್ಲಿ ಬಿಡದೆ ಉಳಿದವರ ಮೈಮೇಲೆ ಒಂದು ಹಚ್ಚೆಯ ಗುರುತೂ ಇತ್ತು.

ಎರಡನೆಯದು ಇಂಗ್ಲೆಂಡಿನ ಕೇಂಬ್ರಿಜಿನ ಜಾಗೆಕ್ಸ್ ಕಂಪೆನಿಯವರ 'ರೂನ್‌ಸ್ಕೇಪ್'. ೨೦೦೧ರಿಂದ ನಡೆದುಬಂದ ಈ ಆಟದ ಕಾಳಗದ ಕ್ರಮವನ್ನು ೨೦೧೨ರಲ್ಲಿ ಬದಲಾಯಿಸಿದಾಗ ಹಳಬರು ಬೇಸತ್ತರು. ಕಂಪೆನಿಯವರ ಬಳಿ ೨೦೦೭ರ ಆಗಸ್ಟಿನ ಒಂದು ಪ್ರತಿಯು ಉಳಿದಿತ್ತು. ಅದನ್ನು ಮತ್ತೆ ತೆರೆಯಬೇಕೆ ಎಂದು ಮತ ಕೇಳಿದರು. ನಾಲ್ಕು ಲಕ್ಷಕ್ಕೂ ಮಿಕ್ಕ ಮತಗಳು ಬಿದ್ದವು. ೨೦೧೩ನೆಯ ಫೆಬ್ರವರಿಯಲ್ಲಿ ಹಳೆಯ ಲೋಕವು ತೆರೆಯಿತು. ಆದರೆ ಅಲ್ಲಿ ಎಲ್ಲರೂ ಸೊನ್ನೆಯಿಂದಲೇ ಮೊದಲುಮಾಡಬೇಕಾಯಿತು. ಮೂರನೆಯದು ೨೦೦೪ರಲ್ಲಿ ಹೊರಟ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಹಳೆಯ ರೂಪವನ್ನು ಮರಳಿ ಕೊಡಿರೆಂದು ಆಟಗಾರರು ಕೇಳಿದಾಗ, ನಿಮಗೆ ನಿಜವಾಗಿ ಅದು ಬೇಕಾಗಿಲ್ಲವೆಂಬ ಭಾವದ ಉತ್ತರವು ೨೦೧೩ರಲ್ಲಿ ಕಂಪೆನಿಯ ವೇದಿಕೆಯಿಂದಲೇ ಬಂದಿತ್ತು. ಅಭಿಮಾನಿಗಳು ತಾವೇ ನಡೆಸುತ್ತಿದ್ದ ಒಂದು ಹಳೆಯ ಲೋಕವು ೨೦೧೬ರಲ್ಲಿ ವಕೀಲರ ಪತ್ರದಿಂದ ಮುಚ್ಚಿತು. ಎರಡು ಲಕ್ಷಕ್ಕೂ ಮಿಕ್ಕ ಜನರು ಮನವಿಗೆ ಸಹಿಹಾಕಿದರು. ಕೊನೆಗೆ ೨೦೧೯ನೆಯ ಆಗಸ್ಟಿನಲ್ಲಿ ಕಂಪೆನಿಯೇ ಹಳೆಯದನ್ನು ತೆರೆಯಿತು.

ಈ ಮೂರರಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಮೊದಲನೆಯದು ನ್ಯಾಯದ ಪ್ರಶ್ನೆ. ಆಟವು ಮತ್ತೆ ಮೊದಲಾಗುವಾಗ ಹಳಬನ ಗಳಿಕೆಯನ್ನು ಅವನಿಗೆ ಉಳಿಸಬೇಕೆ, ಅಥವಾ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಬೇಕೆ? ಉಳಿಸದೆ ಹೋದರೆ, ನಿಷ್ಠೆಯಿಂದ ನಡೆದವನಿಗೆ ನಷ್ಟ. ಉಳಿಸಿದರೆ, ಹೊಸಬನು ಕಾಲಿಡುವಾಗಲೇ ಸೋತಿರುತ್ತಾನೆ. ನಮ್ಮ ಹಿರಿಯರು ಕರ್ಮವಿಚಾರದಲ್ಲಿ ಇದಕ್ಕೆ ಸಮೀಪವಾದ ತೊಡಕನ್ನು ಕಂಡವರೇ. ಜೀವನು ಹೊಸ ದೇಹವನ್ನು ತಾಳುವಾಗ ಸಂಚಿತವೆಲ್ಲವೂ ಅಳಿಯುವುದಾದರೆ ಮಾಡಿದ ಪುಣ್ಯಕ್ಕೆ ಬೆಲೆಯಿಲ್ಲ. ಎಲ್ಲವೂ ನೆನಪಿನ ಸಮೇತ ಉಳಿಯುವುದಾದರೆ ಅದು ಹೊಸ ಜನ್ಮವೇ ಅಲ್ಲ. ಆದುದರಿಂದ ಒಡವೆ ಹೋಗುತ್ತದೆ, ಸಂಸ್ಕಾರ ಉಳಿಯುತ್ತದೆ ಎಂದು ಅವರು ನಡುದಾರಿಯನ್ನು ಹಿಡಿದರು. ಆಟದಲ್ಲಿಯೂ ಇದೇ ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. ಕೈಯ ಚಳಕ, ಕಣ್ಣಿನ ಎಚ್ಚರ, ಜತೆಗಾರನನ್ನು ಆಪತ್ತಿನಲ್ಲಿ ಬಿಟ್ಟು ಓಡದ ಬುದ್ಧಿ, ಇವನ್ನು ಯಾವ ಕಂಪೆನಿಯೂ ಸೊನ್ನೆಮಾಡಲಾರದು. ಅವು ಆಟಗಾರನ ಮೈಯಲ್ಲಿಯೇ ಇವೆ. ಸೊನ್ನೆಯಾಗುವುದು ಉಡುಪು, ಪದವಿ, ಬಂಗಾರ ಮಾತ್ರ. ಯಾವನು ಸೊನ್ನೆಗೆ ಬಹಳವಾಗಿ ಹೆದರುತ್ತಾನೆಯೋ, ಅವನು ತನ್ನ ಗಳಿಕೆಯಲ್ಲಿ ಎಷ್ಟು ಭಾಗ ಮೈಗೆ ಹತ್ತಿದೆ, ಎಷ್ಟು ಭಾಗ ಪೆಟ್ಟಿಗೆಯಲ್ಲಿದೆ ಎಂದು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು. ಹೀಗೆಂದ ಮಾತ್ರಕ್ಕೆ ಕಂಪೆನಿಯವರಿಗೆ ಋಣವಿಲ್ಲವೆಂದು ತಿಳಿಯಬಾರದು. ಹಳಬನ ಮೈಮೇಲಿನ ಆ ಹಚ್ಚೆಯಿಂದ ಕಾಳಗದಲ್ಲಿ ಯಾವ ಲಾಭವೂ ಇಲ್ಲ. ನೀನು ಇದ್ದೆ, ನಾವು ಮರೆತಿಲ್ಲ ಎಂದು ಮಾತ್ರ ಅದು ಹೇಳುತ್ತದೆ. ಹೊಸಬನಿಗೆ ಅನ್ಯಾಯವಾಗದಂತೆ ಹಳಬನಿಗೆ ಸಲ್ಲಿಸಬಹುದಾದ ಗೌರವವು ಇಂತಹದೇ.

ಎರಡನೆಯದು ಆಶೆಯ ಪ್ರಶ್ನೆ, ಇದು ಹೆಚ್ಚು ಆಳವಾದುದು. ಆಟವು ಬರಲಿ ಎಂಬ ಹಾರೈಕೆಯೊಳಗೆ ಎರಡು ಆಶೆಗಳು ಒಂದೇ ಬಟ್ಟೆ ಹೊದೆದು ಕುಳಿತಿವೆ. ಒಂದು, ಆ ಆಟವು ಬರಲಿ ಎಂಬುದು; ಇನ್ನೊಂದು, ಆ ದಿನಗಳು ಬರಲಿ ಎಂಬುದು. ಮೊದಲನೆಯದನ್ನು ಕಂಪೆನಿಯವರು ಪೂರೈಸಬಲ್ಲರು. ಎರಡನೆಯದನ್ನು ಯಾರೂ ಪೂರೈಸಲಾರರು. ೨೦೧೯ರಲ್ಲಿ ತೆರೆದ ಆ ಹಳೆಯ ಲೋಕದಲ್ಲಿ ನಡೆದುದನ್ನು ನೋಡಿರಿ. ಹಿಂದೆ ಸಾಹಸಿಗಳು ತಿಂಗಳುಗಟ್ಟಲೆ ಹೆಣಗಿ ಗೆದ್ದ ಅಗ್ನಿದೈತ್ಯನೊಬ್ಬನನ್ನು ಈ ಸಲ ಒಂದು ತಂಡದವರು ಒಂದು ವಾರದೊಳಗಾಗಿ ಕೆಡಹಿದರು. ಬೆಟ್ಟ, ಕಾಡು, ದೈತ್ಯ ಎಲ್ಲವೂ ಇದ್ದಂತೆಯೇ ಇದ್ದವು. ತಿಳಿಯದೆ ಅಲೆಯುತ್ತಿದ್ದ ಆಟಗಾರನು ಮಾತ್ರ ಇರಲಿಲ್ಲ. ಅವನ ಸ್ಥಳದಲ್ಲಿ ಎಲ್ಲವನ್ನೂ ಬಲ್ಲವನೊಬ್ಬನು ಬಂದಿದ್ದನು. ಅಜ್ಞಾನದಲ್ಲಿಯೂ ಒಂದು ಸುಖವಿದೆ. ಅದನ್ನು ಕಳೆದುಕೊಂಡವನಿಗೆ ಯಾವ ಯಂತ್ರವೂ ಹಿಂದಕ್ಕೆ ಕೊಡಲಾರದು.

ಹಾಗಾದರೆ ನಿಮಗೆ ಅದು ಬೇಕಾಗಿಲ್ಲವೆಂದು ಹೇಳಿದವರ ಮಾತೇ ನಿಜವಾಯಿತೆ? ಹಾಗೂ ಹೇಳಲಾಗುವುದಿಲ್ಲ. ಇದಕ್ಕೆ ಸಾಕ್ಷಿಯನ್ನು ಹೊರದೇಶದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಊರಿನ ಆಟವೇ ಸಾಕು. ೨೦೨೦ನೆಯ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ, ತಿರುಗಾಟದಲ್ಲಿದ್ದ ಮೇಳಗಳು ನಡುದಾರಿಯಲ್ಲಿ ಗೆಜ್ಜೆ ಬಿಚ್ಚಬೇಕಾಯಿತು. ಕಾರ್ತಿಕದಲ್ಲಿ ಕಟ್ಟಿದ ಗೆಜ್ಜೆಯನ್ನು ವೈಶಾಖದವರೆಗೆ ಬಿಚ್ಚದ ವೇಷಧಾರಿಗಳು ವಸಂತದಲ್ಲಿಯೇ ಮನೆ ಸೇರಿದರು. ಮೇಳವು ಮತ್ತೆ ಹೊರಡುವುದೆ, ಹೊರಟರೆ ತಮ್ಮನ್ನು ಕರೆಯುವರೆ, ಜನರು ಕೂಡುವರೆ ಎಂಬ ಚಿಂತೆಯು ಅವರಿಗೂ ಇತ್ತು. ಮೊಬೈಲಿನ ಹುಡುಗನಿಗೂ ಮೇಳದ ವೇಷಧಾರಿಗೂ ಒಂದೇ ವರ್ಷದಲ್ಲಿ ರಂಗವು ತಪ್ಪಿತು. ಒಬ್ಬನಿಗೆ ಅದು ವಿನೋದ, ಮತ್ತೊಬ್ಬನಿಗೆ ಹೊಟ್ಟೆಯ ಪಾಡು. ಈ ಭೇದವನ್ನು ಮರೆಯತಕ್ಕದ್ದಲ್ಲ. ಆದರೂ ಇಬ್ಬರ ಪ್ರಶ್ನೆಯು ಒಂದೇ ಆಗಿತ್ತು.

ಆ ವರ್ಷದ ದೀಪಾವಳಿಯ ತರುವಾಯ ಮೇಳಗಳು ಹೊರಟವು, ಜನರೂ ಬಂದರು. ಯಾಕೆ ಬಂದರು? ಗದಾಯುದ್ಧದಲ್ಲಿ ಕೌರವನು ಕೊಳದಿಂದ ಎದ್ದು ಬರುವನೆಂದೂ, ಭೀಮನ ಗದೆಗೆ ತೊಡೆ ಮುರಿದು ಬೀಳುವನೆಂದೂ ನಮ್ಮ ಊರಿನ ಮಕ್ಕಳೂ ಬಲ್ಲರು. ಅಲ್ಲಿ ಯಾವ ಗುಟ್ಟೂ ಇಲ್ಲ. ಆದರೂ ನೋಡಿದವರೇ ನೋಡುತ್ತಾರೆ. ಏಕೆಂದರೆ ಪದ್ಯವು ಹಳೆಯದಾದರೂ ಅದಕ್ಕೆ ಹೇಳುವ ಅರ್ಥವು ಆ ರಾತ್ರಿಯದು. ಭಾಗವತರು ಪದವೆತ್ತಿದ ಮೇಲೆ ವೇಷಧಾರಿಯು ಏನು ಮಾತನಾಡುವನೋ, ಎದುರಿನವನು ಏನೆಂದು ಉತ್ತರಿಸುವನೋ, ಅವರಿಗೂ ಪೂರ್ತಿಯಾಗಿ ತಿಳಿದಿರುವುದಿಲ್ಲ. ಪ್ರಸಂಗವು ಮರಳುತ್ತದೆ, ಹೊಸತನವನ್ನು ಆಡುವವನು ತರುತ್ತಾನೆ. ಕೋಟದವರಾದ ಶಿವರಾಮ ಕಾರಂತರು 'ಯಕ್ಷರಂಗ'ದ ಮೂಲಕ ಆಟದ ಅವಧಿಯನ್ನು ಕಿರಿದುಮಾಡಿ, ಮಾತನ್ನು ತಗ್ಗಿಸಿ, ಪಿಟೀಲು ಸ್ಯಾಕ್ಸೋಫೋನುಗಳನ್ನು ಸೇರಿಸಿದಾಗ, ಇದು ಅದೇ ಆಟವೆ ಎಂದು ಕೇಳಿದವರಿದ್ದರು, ಇದರಿಂದಲೇ ಆಟಕ್ಕೆ ಹೊಸ ಪ್ರಾಣ ಬಂತೆಂದವರೂ ಇದ್ದರು. ಇಂದು ಕೆಲವು ಮೇಳಗಳು ರಾತ್ರಿಯಿಡೀ ಆಡದೆ ಕಾಲಮಿತಿಯಲ್ಲಿ ಮುಗಿಸುವಾಗಲೂ ಅದೇ ಚರ್ಚೆ ಏಳುತ್ತದೆ. ಸಂದೇಹಪಡುವವರು ಆಟದ ಶತ್ರುಗಳಲ್ಲ; ಅದಕ್ಕೋಸ್ಕರ ನಿದ್ದೆಗೆಟ್ಟವರೇ ಹೆಚ್ಚು ಸಂದೇಹಪಡುತ್ತಾರೆ. ಏನನ್ನೂ ಕೊಡದವನಿಗೆ ಕಳೆದುಕೊಳ್ಳುವ ಭಯವಿಲ್ಲ, ಆದುದರಿಂದ ಅವನಿಗೆ ಸಂದೇಹವೂ ಇಲ್ಲ. ಸಂದೇಹವೆಂದರೆ ಒಮ್ಮೆ ಪೆಟ್ಟು ತಿಂದ ಆಶೆಯೇ.

ಇದರಿಂದ ಇಬ್ಬರ ಧರ್ಮವೂ ಸ್ಪಷ್ಟವಾಗುತ್ತದೆ. ಆಡಿಸುವವರ ಧರ್ಮವೇನೆಂದರೆ, ಜನರ ವರ್ಷಗಳು ತಮ್ಮ ಯಂತ್ರದೊಳಗಿವೆ ಎಂಬುದನ್ನು ಮರೆಯದಿರುವುದು. ಮುಚ್ಚುವುದಾದರೆ ಮೊದಲೇ ತಿಳಿಸಿ ಮುಚ್ಚುವುದು. ತೆರೆಯುವುದಾದರೆ ಯಾವುದು ಹಳೆಯದು, ಯಾವುದು ಬದಲಾಗಿದೆ ಎಂದು ಸತ್ಯವಾಗಿ ಹೇಳುವುದು. ಹಳೆಯ ನೆನಪನ್ನು ಗಾಳಕ್ಕೆ ಸಿಕ್ಕಿಸಿ ಹುಡುಗರ ತಂದೆಯ ಹಣವನ್ನು ಸೆಳೆಯದಿರುವುದು. ರೂನ್‌ಸ್ಕೇಪಿನ ಹಳೆಯ ಲೋಕದಲ್ಲಿ ಹೊಸ ಮಾರ್ಪಾಡು ತರಬೇಕಾದರೆ ಆಟಗಾರರ ನೂರಕ್ಕೆ ಎಪ್ಪತ್ತೈದು ಮತಗಳು ಬೇಕೆಂದು ಮೊದಲಲ್ಲಿ ಗೊತ್ತುಮಾಡಿದ್ದರು. ಈ ಕ್ರಮವು ಮೆಚ್ಚತಕ್ಕದ್ದು. ಆಡುವವರ ಧರ್ಮವೇನೆಂದರೆ, ನಿನ್ನೆಯ ದಿನವನ್ನು ಅಂಗಡಿಯವನಲ್ಲಿ ಬೇಡದಿರುವುದು. ಅಳತೆಯನ್ನು ಸರಕಾರವೋ ಕಂಪೆನಿಯೋ ಹೇರುವ ಮೊದಲು ತಾವೇ ಇಟ್ಟುಕೊಳ್ಳುವುದು. ಇನ್ನು ನಮ್ಮಂತಹ ಹಿರಿಯರ ಧರ್ಮವೊಂದಿದೆ. ಹುಡುಗನು ಕೇಳುವ ವಸ್ತುವನ್ನು ಮಾತ್ರ ನೋಡಿ ತೀರ್ಪು ಕೊಡದೆ, ಅದರ ಹಿಂದೆ ಅವನು ಏನನ್ನು ಹುಡುಕುತ್ತಾನೆಂದು ಒಮ್ಮೆ ಕೇಳುವುದು.

ನಾನು ಕೇಳಲು ತಡಮಾಡಿದೆನು. ಆಟವು ಬಂದು ಒಂದು ವಾರ ಕಳೆದ ಮೇಲೆ, ಹುಡುಗನು ಆಡುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಪರದೆಯನ್ನು ನೋಡುತ್ತ ಕುಳಿತಿರುವುದನ್ನು ಕಂಡು ಕಾರಣವನ್ನು ವಿಚಾರಿಸಿದೆನು. ಆಗ ತಿಳಿಯಿತು. ಬಾಗಿಲು ಹಾಕಿದ ಆ ವರ್ಷ ಅವನ ತಂಡದಲ್ಲಿ ನಾಲ್ವರಿದ್ದರು: ಮೂವರು ಕೋಟೇಶ್ವರದವರು, ನಾಲ್ಕನೆಯವನು ಗದಗದ ಕಡೆಯ ಹುಡುಗ. ಅವನ ಮುಖವನ್ನು ಇವರು ಕಂಡವರಲ್ಲ. ನಿಜವಾದ ಹೆಸರನ್ನೂ ಕೇಳಿದವರಲ್ಲ. ಬಲ್ಲದ್ದು ಆಟದೊಳಗಿನ ಹೆಸರು, ಮತ್ತು ಆಪತ್ತಿನಲ್ಲಿ ಓಡಿಬಂದು ಇವರನ್ನು ಎಬ್ಬಿಸುವಾಗ ಅವನು "ಏನಪಾ" ಎನ್ನುತ್ತಿದ್ದ ದನಿ. ಆಟವು ನಿಂತ ದಿನ ಅವನು ಎಲ್ಲಿ ಹೋದನೆಂದು ತಿಳಿಯುವ ದಾರಿಯೇ ಇಲ್ಲವಾಯಿತು. ನಮ್ಮ ಹುಡುಗನು ಹೊಸ ಆಟದಲ್ಲಿಯೂ ತನ್ನ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದನು. ಆ ಹೆಸರು ಈಗ ಅವನಿಗೆ ಬಾಲಿಶವೆಂದು ತೋರುತ್ತಿದ್ದರೂ, ಹುಡುಕುವವನಿಗೆ ಸಿಗಲಿ ಎಂದು. ಉಡುಪು ಆಯುಧಗಳ ವಿಚಾರವಾಗಿ ಜಗಲಿಯಲ್ಲಿ ಅಷ್ಟು ಮಾತಾಡಿದವನು ಈ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ಅದೇ ಆಟವೆ ಎಂದು ಅವನು ಕೇಳಿದ್ದರ ಅರ್ಥವು ಆಗ ನನಗೆ ಹೊಳೆಯಿತು.

ಶ್ರಾವಣದ ಒಂದು ರಾತ್ರಿ ಆ ನಾಲ್ಕನೆಯವನು ಬಂದನು. ದನಿ ಒಡೆದು ಗಂಡಸಿನದಾಗಿತ್ತು. "ಏನಪಾ" ಎಂದುದರಿಂದ ಗುರುತು ಸಿಕ್ಕಿತು. ಅವನು ಓದು ಬಿಟ್ಟು ತಂದೆಯ ಅಂಗಡಿಯಲ್ಲಿ ಕುಳಿತಿದ್ದನು. ರಾತ್ರಿ ಅರ್ಧ ಗಂಟೆಗಿಂತ ಹೆಚ್ಚು ಬಿಡುವಿರಲಿಲ್ಲ. ಆ ಅರ್ಧ ಗಂಟೆಯಲ್ಲಿ ಅವರು ಆಡಿದ್ದು ಕಡಿಮೆ, ಮಾತಾಡಿದ್ದು ಹೆಚ್ಚು. ಅದೇ ಆಟವಾಗಿರಲಿಲ್ಲ, ಆದರೆ ನಾಲ್ವರೂ ಇದ್ದರು.

೨೦೨೨ನೆಯ ಜುಲೈ ೨೮ರಂದು ಆ ಆಟವೂ ಸರಕಾರದ ಆಜ್ಞೆಯಿಂದ ಆ್ಯಪ್‌ಗಳ ಅಂಗಡಿಯಿಂದ ಮಾಯವಾಯಿತು. ಸಂದೇಹಪಟ್ಟವರ ಮಾತು ನಿಜವಾಯಿತು. ೨೦೨೩ನೆಯ ಮೇ ತಿಂಗಳಲ್ಲಿ, ಕೆಲವು ಕಟ್ಟುಪಾಡುಗಳೊಡನೆ, ಅದು ಇನ್ನೊಮ್ಮೆ ಮರಳಿತು. ಎರಡನೆಯ ಸಲ ಆಟವು ಹೋದ ಸುದ್ದಿ ಬಂದ ಸಂಜೆ, ಅಳಿಯನಿಗೆ ದುಃಖವಾಗಿರಬೇಕೆಂದು ಎಣಿಸಿ, ಏನಾದರೂ ಸಮಾಧಾನ ಹೇಳೋಣವೆಂದು ನಾನು ಜಗಲಿಗೆ ಹೋದೆನು. ಅವನು ಮೊಬೈಲನ್ನು ಕಿವಿಗೆ ಹಿಡಿದು ಯಾರೊಡನೆಯೋ ಗಟ್ಟಿಯಾಗಿ ನಗುತ್ತಿದ್ದನು. ಈ ಸಲ ಅವರು ಒಬ್ಬರ ನಂಬರನ್ನು ಒಬ್ಬರು ಮೊದಲೇ ಬರೆದಿಟ್ಟುಕೊಂಡಿದ್ದರು. ವೃಶ್ಚಿಕ ಮಾಸದ ಹುಣ್ಣಿಮೆಯ ಕೋಡಿಹಬ್ಬಕ್ಕೆ ಬಾ, ತೇರು ನೋಡಿ ಕಬ್ಬು ತಿಂದು ಹೋಗಬಹುದು ಎಂದು ಅವನನ್ನು ಕರೆಯುತ್ತಿದ್ದನು. ನಾನು ಹೇಳಬೇಕೆಂದಿದ್ದ ಮಾತು ಅನಾವಶ್ಯಕವಾಯಿತು. ಹಿಂದಿರುಗಿ ಒಳಗೆ ಬಂದೆನು.